ಕಲಿ, ಆಲೋಚಿಸು, ತೂಗಿ ನೋಡು: ಇಂಗ್ಲಿಷ್ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ನಮ್ಮ ಊರಿನ ವಾಚನಾಲಯದ ಮಾಳಿಗೆಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಇಂಗ್ಲಿಷ್ ಕ್ಲಾಸು ನಡೆಸುತ್ತೇನೆ. ಶಾಲೆಯಿಂದ ನಿವೃತ್ತಿಯಾದ ಮೇಲೆ ಶುರು ಮಾಡಿದ್ದು. ಹತ್ತನೇ ತರಗತಿಯ ಮಕ್ಕಳು ಬರುತ್ತಾರೆ. ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ತಯಾರಾಗುವವರು ಬರುತ್ತಾರೆ. ಗಲ್ಫಿಗೆ ಹೊರಟವರು ಒಂದೆರಡು ತಿಂಗಳು ಬಂದು ಹೋಗುತ್ತಾರೆ. ಪ್ರತಿ ವರ್ಷ ಮುಖಗಳು ಬದಲಾಗುತ್ತವೆ, ಪ್ರಶ್ನೆಗಳು ಮಾತ್ರ ಅವೇ. ಅದರಲ್ಲೂ ಕಲಿಯುವುದು, ಆಲೋಚಿಸುವುದು, ಬೇಕೆಂದೇ ಮಾಡುವುದು, ಜಾಗ್ರತೆಯಿಂದ ಮಾಡುವುದು – ಇವಕ್ಕೆ ಇಂಗ್ಲಿಷಿನಲ್ಲಿರುವ ಪದಗಳಲ್ಲಿ ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ರೀಡ್, ಸ್ಟಡಿ, ಲರ್ನ್ – ಮೂರೂ ಒಂದೇ ಅಲ್ವಾ ಟೀಚರ್?

ಅಲ್ಲ. ಆದರೆ ಒಂದೇ ಅನ್ನಿಸುವುದಕ್ಕೆ ಕಾರಣ ಇದೆ. ಬೆಂಗಳೂರು, ಮೈಸೂರು ಕಡೆ "ನಿಮ್ಮ ಮಗ ಏನು ಓದುತ್ತಿದ್ದಾನೆ?" ಅಂತ ಕೇಳುತ್ತಾರೆ. ಅದೇ ಗುಂಗಿನಲ್ಲಿ ಇಂಗ್ಲಿಷ್ ಮಾತನಾಡಿದರೆ "ಮೈ ಸನ್ ಈಸ್ ರೀಡಿಂಗ್ ಇನ್ ಸೆವೆಂತ್" ಎಂದು ಬರುತ್ತದೆ. ನಮ್ಮಲ್ಲಿ ಕೇಳುವುದು "ಮಗ ಎಷ್ಟನೇ ಕ್ಲಾಸಲ್ಲಿ ಕಲಿಯುವುದು?" ಅಂತ. ತುಳುವಿನ ಕಲ್ಪುನಿ, ಮಲಯಾಳದ ಪಠಿಕ್ಕುಕ ಕೂಡ ಹೀಗೆಯೇ. ಶಾಲೆಗೆ ಹೋಗುವುದಕ್ಕೂ ಅದೇ ಪದ, ಈಜು ಕಲಿಯುವುದಕ್ಕೂ ಅದೇ ಪದ. ಹಾಗಾಗಿ ನಮ್ಮ ಮಕ್ಕಳ ಬಾಯಲ್ಲಿ ಬರುವುದು "ಐ ಆಮ್ ಲರ್ನಿಂಗ್ ಇನ್ ಸೆವೆಂತ್". ಘಟ್ಟದ ಮೇಲಿನವರ ತಪ್ಪು ಒಂದು, ನಮ್ಮ ತಪ್ಪು ಇನ್ನೊಂದು. "ಐ ಸ್ಟಡಿ ಇನ್ ಕ್ಲಾಸ್ ಸೆವೆನ್" ಎಂದರೆ ಸರಿ. "ಐ ಆಮ್ ಇನ್ ಕ್ಲಾಸ್ ಸೆವೆನ್" ಎಂದರೆ ಇನ್ನೂ ಸಲೀಸು.

ರೀಡ್ ಅಂದರೆ ಕಣ್ಣು ಅಕ್ಷರದ ಮೇಲೆ ಓಡುವುದು. ಸ್ಟಡಿ ಅಂದರೆ ಪಡುವ ಶ್ರಮ. ಲರ್ನ್ ಅಂದರೆ ಆ ಶ್ರಮದಿಂದ ಒಳಗೆ ಉಳಿದದ್ದು. ರಾತ್ರಿ ಎರಡು ಗಂಟೆವರೆಗೆ ಸ್ಟಡಿ ಮಾಡಿ ಏನೂ ಲರ್ನ್ ಆಗದೆ ಇರಬಹುದು. ಪರೀಕ್ಷೆಯ ಹಿಂದಿನ ದಿನ ಇದು ಎಲ್ಲರಿಗೂ ಆಗುತ್ತದೆ. ಸ್ಟಡಿ ಮಾಡದೆ ಲರ್ನ್ ಆಗುವುದೂ ಇದೆ. ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ ಕರಾಡವೋ ಮಾತನಾಡುತ್ತಾ, ಬಸ್ಸಿನಲ್ಲಿ ಮಲಯಾಳ ಹಿಡಿದುಕೊಳ್ಳುತ್ತಾರಲ್ಲ, ಅದಕ್ಕೆ ಯಾರು ಪುಸ್ತಕ ತೆರೆದಿದ್ದಾರೆ? ಅದು ಲರ್ನ್.

ಮೂಲ ಹುಡುಕಿದರೆ ಈ ಭೇದ ಇನ್ನೂ ಚೆನ್ನಾಗಿ ಕಾಣುತ್ತದೆ. ಸ್ಟಡಿ ಬಂದದ್ದು ಲ್ಯಾಟಿನಿನ ಸ್ಟುಡಿಯಂ ಎಂಬ ಪದದಿಂದ. ಅದರ ಅರ್ಥ ಆಸಕ್ತಿ, ಹುರುಪು. ಹುರುಪಿಲ್ಲದೆ ಕೂತವನನ್ನು ಸ್ಟೂಡೆಂಟ್ ಅನ್ನುವುದೇ ತಪ್ಪು ಅಂತ ನಾನು ಹಿಂದಿನ ಬೆಂಚಿನವರಿಗೆ ಹೇಳುವುದುಂಟು. ಲರ್ನ್ ಹಳೆಯ ಜರ್ಮನಿಕ್ ಬೇರಿನದು. ಆ ಬೇರಿಗೆ ಹೆಜ್ಜೆಗುರುತು, ಜಾಡು ಎಂಬ ಅರ್ಥ ಇತ್ತು. ಜಾಡು ಹಿಡಿದು ಹೋಗುವುದೇ ಕಲಿಯುವುದು. ಟೀಚ್ ಕೂಡ ಹಾಗೆ, ಬೆರಳು ಮಾಡಿ ತೋರಿಸು ಎಂಬ ಹಳೆಯ ಪದದಿಂದ ಬಂದದ್ದು. ಒಬ್ಬರು ತೋರಿಸುವುದು, ಒಬ್ಬರು ಜಾಡು ಹಿಡಿಯುವುದು.

ಇನ್ನೊಂದು ಸಣ್ಣ ವಿಷಯ. ಲರ್ನ್ ಪದಕ್ಕೆ "ಗೊತ್ತಾಯಿತು" ಎಂಬ ಅರ್ಥವೂ ಇದೆ. ನಮ್ಮ ಪತ್ರಿಕೆಗಳಲ್ಲಿ "ತಿಳಿದುಬಂದಿದೆ" ಎಂದು ಬರೆಯುವ ಕಡೆ ಇಲ್ಲಿನ ಇಂಗ್ಲಿಷ್ ಪತ್ರಿಕೆಗಳು "ಇಟ್ ಈಸ್ ಲರ್ನ್ಟ್" ಎಂದು ಬರೆಯುತ್ತವೆ. ಅಲ್ಲಿ ಯಾರೂ ಪಾಠ ಕಲಿತಿಲ್ಲ, ಸುದ್ದಿ ಕಿವಿಗೆ ಬಿದ್ದಿದೆ ಅಷ್ಟೆ.

ಲರ್ನ್ಡ್ ಸರಿಯೋ, ಲರ್ನ್ಟ್ ಸರಿಯೋ?

ಎರಡೂ ಸರಿ. ಅಮೆರಿಕದವರು ಲರ್ನ್ಡ್ ಜಾಸ್ತಿ ಬರೆಯುತ್ತಾರೆ, ಬ್ರಿಟನ್ನಿನಲ್ಲಿ ಎರಡೂ ನಡೆಯುತ್ತದೆ. ಆದರೆ "ವಿದ್ವಾಂಸ" ಎಂಬ ಅರ್ಥದಲ್ಲಿ ಬಂದಾಗ ಅದನ್ನು ಎರಡು ತುಂಡು ಮಾಡಿ ಲರ್‌ನೆಡ್ ಎಂದು ಓದಬೇಕು. ಕೋರ್ಟಿನಲ್ಲಿ ವಕೀಲರು ಒಬ್ಬರನ್ನೊಬ್ಬರು "ಮೈ ಲರ್‌ನೆಡ್ ಫ್ರೆಂಡ್" ಅನ್ನುವುದು ಇದೇ.

ಡಿಲಿಬರೇಟ್ ಅಂದರೆ ಒಳ್ಳೆಯದೋ ಕೆಟ್ಟದ್ದೋ?

ಈ ಪ್ರಶ್ನೆಗೆ ನನ್ನ ಉತ್ತರ ಉದ್ದ. ಯಾಕೆಂದರೆ ನಾನೇ ಇದರಲ್ಲಿ ಬಿದ್ದವಳು.

ಹಲವು ವರ್ಷಗಳ ಹಿಂದೆ ಜಾಗದ ದಾಖಲೆಯ ವಿಷಯದಲ್ಲಿ ಒಂದು ಕಚೇರಿಗೆ ಕಾಗದ ಕೊಡುವುದಿತ್ತು. ತಡವಾಯಿತು. ಅಣ್ಣಂದಿರ ಜೊತೆ ಕೂತು, ಹಳೆಯ ಕಾಗದಗಳನ್ನೆಲ್ಲ ನೋಡಿ, ಅಳೆದು ತೂಗಿ ಸಹಿ ಹಾಕಿದ್ದೆವು. ಅದನ್ನು ಮರ್ಯಾದೆಯಿಂದ ಹೇಳೋಣ ಅಂತ ಪತ್ರದಲ್ಲಿ "ವಿ ಡಿಲಿಬರಟ್ಲಿ ಡಿಲೇಡ್" ಎಂದು ಬರೆದೆ. ಇಂಗ್ಲಿಷ್ ಟೀಚರ್ ಅಲ್ವಾ, ದೊಡ್ಡ ಪದ ಹಾಕುವ ಚಪಲ. ಹದಿನೈದು ದಿನದಲ್ಲಿ ಉತ್ತರ ಬಂತು. ಬೇಕೆಂದೇ ತಡ ಮಾಡಿದ್ದಕ್ಕೆ ಕಾರಣವೇನು, ಲಿಖಿತ ವಿವರಣೆ ಕೊಡಿ! ಅವರ ತಪ್ಪಿಲ್ಲ. ನಾನು ಬರೆದದ್ದರ ಅರ್ಥ ಅದೇ ಆಗಿತ್ತು. "ಆಫ್ಟರ್ ಕೇರ್‌ಫುಲ್ ಡಿಲಿಬರೇಶನ್" ಎಂದು ಬರೆದಿದ್ದರೆ ಮುಗಿದಿತ್ತು.

ಪದ ಒಂದೇ. ಮೂಲವೂ ಒಂದೇ. ಲ್ಯಾಟಿನಿನಲ್ಲಿ ಲಿಬ್ರಾ ಅಂದರೆ ತಕ್ಕಡಿ. ತುಲಾ ರಾಶಿಗೆ ಇಂಗ್ಲಿಷಿನಲ್ಲಿ ಲಿಬ್ರಾ ಅನ್ನುವುದು ಅದಕ್ಕೇ. ಡಿಲಿಬರೇಟ್ ಎಂದರೆ ತಕ್ಕಡಿಯಲ್ಲಿಟ್ಟು ತೂಗುವುದು. ನಮ್ಮ "ಅಳೆದು ತೂಗಿ" ಇದಕ್ಕೆ ಹೇಳಿ ಮಾಡಿಸಿದ ಮಾತು. ಆದರೆ ಕನ್ನಡದಲ್ಲಿ ಅಳೆದು ತೂಗಿದವನಿಗೆ ಮೆಚ್ಚುಗೆ ಮಾತ್ರ ಸಿಗುತ್ತದೆ. ಇಂಗ್ಲಿಷ್ ಹಾಗಲ್ಲ. ನೀನು ತೂಗಿ ನೋಡಿ ಒಳ್ಳೆಯದು ಮಾಡಿದರೆ ಶಭಾಷ್ ಅನ್ನುತ್ತದೆ. ತೂಗಿ ನೋಡಿಯೂ ಕೆಟ್ಟದ್ದು ಮಾಡಿದರೆ, ಗೊತ್ತಿದ್ದೂ ಮಾಡಿದೆಯಲ್ಲ ಅಂತ ಹಿಡಿದುಕೊಳ್ಳುತ್ತದೆ. ಹಾಗಾಗಿ ಮೂರು ನೆರಳು ನೆನಪಿಡಿ.

ಒಂದು, ಕ್ರಿಯಾಪದ. ಕೂತು ಚರ್ಚಿಸಿ ತೂಗಿ ನೋಡುವುದು. ಪಂಚಾಯತು ಸಭೆ, ಕೋರ್ಟಿನ ಪೀಠ ಮಾಡುವ ಕೆಲಸ. ಇದರಲ್ಲಿ ದೂರಿನ ವಾಸನೆ ಇಲ್ಲ. ಕೊನೆಯನ್ನು "ರೇಟ್" ಎಂದು ಎಳೆದು ಹೇಳಬೇಕು.

ಎರಡು, ಗುಣವಾಚಕ. ಬೇಕೆಂದೇ ಮಾಡಿದ್ದು. ಇಲ್ಲಿ ಕೊನೆ ಮೊಟಕು, ಡಿಲಿಬರಟ್. ಸುಳ್ಳು, ತಪ್ಪು, ತಡ, ಅವಮಾನ – ಇಂಥ ಪದಗಳಿಗೆ ಮೊದಲು ಬಂದರೆ ಅದು ಆರೋಪ. ಇದನ್ನು ನಮ್ಮ ಹುಡುಗರಿಗೆ ಕಲಿಸುವುದು ಬಹಳ ಸುಲಭ, ಫುಟ್‌ಬಾಲ್ ಇದೆಯಲ್ಲ. ಚೆಂಡು ಕೈಗೆ ತಾಗಿದ ಕೂಡಲೇ ಗ್ಯಾಲರಿಯೆಲ್ಲ "ಹ್ಯಾಂಡ್" ಎಂದು ಕಿರುಚುತ್ತದೆ. ಆದರೆ ಆಟದ 12ನೇ ನಿಯಮ ಮೊದಲು ಕೇಳುವುದು, ಆಟಗಾರ ಡಿಲಿಬರಟ್ಲಿ ಕೈ ತಾಗಿಸಿದನೇ ಎಂದು. ಚೆಂಡು ಕೈಗೆ ಬಂದದ್ದೋ, ಕೈ ಚೆಂಡಿಗೆ ಹೋದದ್ದೋ? 1992ರಲ್ಲಿ ಬಂದ ಬ್ಯಾಕ್‌ಪಾಸ್ ನಿಯಮದಲ್ಲೂ ಇದೇ ಪದ. ನಮ್ಮವನೇ ಬೇಕೆಂದು ಕಾಲಿನಿಂದ ಒದ್ದು ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ. ಅಕಸ್ಮಾತ್ ಕಾಲಿಗೆ ತಾಗಿ ಹಿಂದೆ ಹೋದರೆ ಹಿಡಿಯಬಹುದು. ಉಪ್ಪಳದ ಒಬ್ಬ ಹುಡುಗ ಇದನ್ನು ಕೇಳಿದ ಮೇಲೆ ಈ ಪದವನ್ನು ಒಮ್ಮೆಯೂ ತಪ್ಪಾಗಿ ಬಳಸಿಲ್ಲ.

ಮೂರು, ನಿಧಾನ. ಅವಸರವಿಲ್ಲದ, ಒಂದೊಂದನ್ನೂ ನೋಡಿಕೊಂಡು ಇಡುವ ಹೆಜ್ಜೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಅಡಿಕೆ ಮರ ಹತ್ತುವವರನ್ನು ನೋಡಿ. ಮರ ಜಾರುತ್ತಿರುತ್ತದೆ. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಕೈ ಚಾಚುವಾಗ ಅವರ ಚಲನೆ ಇದೆಯಲ್ಲ, ಅದು ಡಿಲಿಬರಟ್. ಇಲ್ಲಿ ಆರೋಪ ಇಲ್ಲ, ಗೌರವ ಇದೆ.

ಮಲಯಾಳದಲ್ಲಿ ಮನಃಪೂರ್ವಂ ಅಂತಾರಲ್ಲ, ಅದೇ ಅಲ್ವಾ ಡಿಲಿಬರಟ್?

ಹೌದು, ಅದೇ. ಆದರೆ ಕನ್ನಡದ ಮನಃಪೂರ್ವಕ ಅದಲ್ಲ! ಗಡಿಯಲ್ಲಿರುವವರಿಗೆ ಮಾತ್ರ ಬರುವ ಗೊಂದಲ ಇದು. ಮಲಯಾಳದಲ್ಲಿ "ಮನಃಪೂರ್ವಂ ಮಾಡಿದ" ಅಂದರೆ ಬೇಕೂಂತಲೇ ಮಾಡಿದ, ಜಗಳಕ್ಕೆ ಸಾಕು. ಕನ್ನಡದಲ್ಲಿ ಮನಃಪೂರ್ವಕ ಅಂದರೆ ಮನಸಾರೆ, ಸನ್ಮಾನಕ್ಕೆ ಆಗುವ ಮಾತು. ಒಂದು ಬೀಳ್ಕೊಡುಗೆ ಸಮಾರಂಭದಲ್ಲಿ ಕನ್ನಡದವರು "ಮನಃಪೂರ್ವಕ ಅಭಿನಂದನೆ" ಎಂದಾಗ ಪಕ್ಕದಲ್ಲಿದ್ದ ತಳಿಪರಂಬದ ಮಲಯಾಳಿ ಟೀಚರ್ ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡಿದ್ದರು. ಕನ್ನಡದ ಮನಃಪೂರ್ವಕಕ್ಕೆ ಇಂಗ್ಲಿಷಿನಲ್ಲಿ ಹೋಲ್‌ಹಾರ್ಟೆಡ್ ಅಥವಾ ಸಿನ್ಸಿಯರ್ ಬಳಸಿ.

ವಿಚಾರಿಸು ಕೂಡ ಇದೇ ಜಾತಿ. ಮಲಯಾಳದವರು "ವಿಚಾರಿಚ್ಚು" ಅಂದರೆ "ಅಂದುಕೊಂಡೆ" ಎಂದರ್ಥ. ನಾವು ವಿಚಾರಿಸುವುದು ಬಸ್ಸಿನ ಸಮಯವನ್ನು. ಒಂದು ಥಿಂಕ್, ಇನ್ನೊಂದು ಎನ್‌ಕ್ವೈರ್.

ಥಿಂಕ್ ಒಂದೇ ಪದ ಸಾಲದಾ? ಕನ್ಸಿಡರ್, ಪಾಂಡರ್, ರಿಫ್ಲೆಕ್ಟ್, ರೂಮಿನೇಟ್ ಎಲ್ಲ ಯಾಕೆ?

ಮಾತಿಗೆ ಸಾಕು. ನಿಜವಾಗಿ ಹೇಳುತ್ತೇನೆ, ದಿನದ ಮಾತಿನಲ್ಲಿ ಥಿಂಕ್ ಬಿಟ್ಟು ಬೇರೆ ಪದ ಬಳಸುವವರು ಕಡಿಮೆ. ಆದರೆ ಓದುವಾಗ ಇವು ಎದುರಾಗುತ್ತವೆ, ಎಲ್ಲಕ್ಕೂ "ಯೋಚಿಸು" ಅಂತ ಅರ್ಥ ಬರೆದುಕೊಂಡರೆ ವಾಕ್ಯದ ಉಪ್ಪು ಖಾರ ಹೋಗುತ್ತದೆ.

ಕನ್ಸಿಡರ್ ಪದದ ಒಳಗೆ ನಕ್ಷತ್ರ ಇದೆ ಅನ್ನುತ್ತಾರೆ. ಲ್ಯಾಟಿನಿನ ಸೀಡುಸ್, ಅಂದರೆ ನಕ್ಷತ್ರ. ನಕ್ಷತ್ರ ನೋಡಿ ನಿರ್ಧರಿಸುವ ಕಾಲದ ಪದ ಇರಬೇಕು. ಹಾಗೆ ನೋಡಿದರೆ ನಮ್ಮ ಕಡೆ ಅಷ್ಟಮಂಗಲ ಪ್ರಶ್ನೆ ಇಡುವ ಜ್ಯೋತಿಷಿಗಳು ಮಾಡುವುದು ಅಚ್ಚುಕಟ್ಟಾದ ಕನ್ಸಿಡರೇಶನ್. ಈಗ ಅದರ ಕೆಲಸ ಅರ್ಜಿಗಳಲ್ಲಿ: ಪರಿಗಣಿಸಿ, ಲೆಕ್ಕಕ್ಕೆ ತೆಗೆದುಕೊಳ್ಳಿ. ಇದರ ನಂತರ ಅಬೌಟ್ ಹಾಕಬೇಡಿ. "ಕನ್ಸಿಡರ್ ಮೈ ರಿಕ್ವೆಸ್ಟ್" ಸಾಕು.

ಪಾಂಡರ್ ಮತ್ತೆ ತಕ್ಕಡಿಯದೇ ಪದ. ಪಾಂಡುಸ್ ಅಂದರೆ ತೂಕ, ಪೌಂಡ್ ಕೂಡ ಅದೇ ಮನೆತನ. ಪೆನ್ಸಿವ್ ಅಂದರೆ ಆಲೋಚನೆಯಲ್ಲಿ ಮುಳುಗಿದ, ಸ್ವಲ್ಪ ಮಂಕಾದ. ಅದೂ ತೂಗುವ ಪದದಿಂದಲೇ ಬಂತು. ಇನ್ನು ಎಗ್ಸಾಮಿನ್ ಕೇಳಿದರೆ ಆಶ್ಚರ್ಯ ಆಗುತ್ತದೆ. ಲ್ಯಾಟಿನಿನ ಎಗ್ಸಾಮೆನ್ ಅಂದರೆ ತಕ್ಕಡಿಯ ಮುಳ್ಳು. ಅಡಿಕೆ ತೂಗುವಾಗ ನಮ್ಮ ಅಪ್ಪ ತಟ್ಟೆ ನೋಡುತ್ತಿರಲಿಲ್ಲ, ಮುಳ್ಳು ನೋಡುತ್ತಿದ್ದರು. ಮುಳ್ಳು ನಡುವಿಗೆ ಬಂದು ನಿಲ್ಲುವವರೆಗೆ ಯಾರೂ ಮಾತನಾಡುವ ಹಾಗಿರಲಿಲ್ಲ. ಪರೀಕ್ಷೆಯ ಹಾಲಿನಲ್ಲಿ ಮೌನ ಯಾಕೆ ಅಂತ ಕೇಳಿದ ಮಕ್ಕಳಿಗೆ ನಾನು ಈ ಕಥೆ ಹೇಳುತ್ತೇನೆ.

ರೂಮಿನೇಟ್ ನನಗೆ ತುಂಬ ಇಷ್ಟದ ಪದ. ದನ ಮೆಲುಕು ಹಾಕುವುದಕ್ಕೆ ಇರುವ ಪದವೇ ಅದು. ಕನ್ನಡವೂ ಇಂಗ್ಲಿಷೂ ಒಂದನ್ನೊಂದು ಕೇಳದೆ ಹಟ್ಟಿಗೆ ಹೋಗಿ ಒಂದೇ ಪದ ತಂದಿವೆ. ನಮ್ಮ ಕಾಸರಗೋಡು ಗಿಡ್ಡ ದನ ಮಧ್ಯಾಹ್ನ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುವುದನ್ನು ನೋಡಿದವರಿಗೆ ನಿಘಂಟು ಬೇಡ. ಆದರೆ ಒಂದು ವ್ಯತ್ಯಾಸ ಇದೆ. ನಾವು ಮೆಲುಕು ಹಾಕುವುದು ಸಿಹಿ ನೆನಪನ್ನು. ಇಂಗ್ಲಿಷಿನಲ್ಲಿ ರೂಮಿನೇಟ್ ಮಾಡುವುದು ಹೆಚ್ಚಾಗಿ ಕೊರಗನ್ನು, ಅದರಲ್ಲೂ ಮನಃಶಾಸ್ತ್ರದವರು ಬಳಸುವಾಗ. ನಿನ್ನೆ ಯಾರೋ ಅಂದ ಮಾತನ್ನು ರಾತ್ರಿಯೆಲ್ಲ ತಿರುಗಿಸಿ ತಿರುಗಿಸಿ ನೋಡುವುದು ಅವರ ರೂಮಿನೇಶನ್.

ರಿಫ್ಲೆಕ್ಟ್ ಅಂದರೆ ಹಿಂದಕ್ಕೆ ಬಾಗುವುದು. ಆಗಿ ಹೋದದ್ದರ ಕಡೆ ತಿರುಗಿ ನೋಡುವುದು. ಬಿ.ಎಡ್. ಮಾಡುವವರು ಪಾಠ ಮುಗಿದ ಮೇಲೆ ಬರೆಯುವ ರಿಫ್ಲೆಕ್ಷನ್ ಇದೇ. ಮುಂದೆ ಮಾಡುವುದರ ಬಗ್ಗೆ ರಿಫ್ಲೆಕ್ಟ್ ಬಳಸಿದರೆ ಕಿವಿಗೆ ಒಗ್ಗುವುದಿಲ್ಲ, ಅಲ್ಲಿಗೆ ಕನ್ಸಿಡರ್ ಸಾಕು.

"ಐ ಆಮ್ ಥಿಂಕಿಂಗ್" ತಪ್ಪು ಅಂತ ಒಬ್ಬರು, ಸರಿ ಅಂತ ಒಬ್ಬರು. ಯಾವುದು?

ಇಬ್ಬರೂ ಸರಿ. ಥಿಂಕ್ ಎರಡು ಕೆಲಸ ಮಾಡುತ್ತದೆ. ಕನ್ನಡದಲ್ಲಿ ಅದಕ್ಕೆ ಎರಡು ಪದ ಇವೆ: ಅನ್ನಿಸುವುದು, ಆಲೋಚಿಸುವುದು. "ನನಗೆ ಅನ್ನಿಸುತ್ತದೆ" ಎಂಬಲ್ಲಿ ಬರೀ "ಐ ಥಿಂಕ್". ಇವತ್ತು ಮಳೆ ಬರಬಹುದು ಅಂತ ನಿಮಗೆ ಅನ್ನಿಸಿದರೆ "ಐ ಆಮ್ ಥಿಂಕಿಂಗ್ ಇಟ್ ವಿಲ್ ರೈನ್" ಬೇಡ. ನಿಜವಾಗಿ ತಲೆಗೆ ಕೆಲಸ ಕೊಟ್ಟು ಕೂತಿದ್ದರೆ "ಐ ಆಮ್ ಥಿಂಕಿಂಗ್" ಸರಿ. ಮೊದಲು ಕನ್ನಡದಲ್ಲಿ ಯಾವ ಪದ ಬರುತ್ತದೆ ನೋಡಿಕೊಳ್ಳಿ, ಇಂಗ್ಲಿಷ್ ತಾನಾಗಿ ಸರಿಹೋಗುತ್ತದೆ. ನೋ, ಅಂಡರ್‌ಸ್ಟ್ಯಾಂಡ್, ಬಿಲೀವ್ ಇವುಗಳಿಗೆ ಸಾಮಾನ್ಯವಾಗಿ "ಇಂಗ್" ಬೇಡ.

ಬೈಹಾರ್ಟ್ ಮಾಡುವುದು ತಪ್ಪಾ?

ಮಾಡುವುದು ತಪ್ಪಲ್ಲ, "ಐ ಬೈಹಾರ್ಟೆಡ್ ದ ಪೋಯಂ" ಎಂದು ಬರೆಯುವುದು ತಪ್ಪು. ಬೈ ಹಾರ್ಟ್ ಕ್ರಿಯಾಪದ ಅಲ್ಲ. "ಐ ಲರ್ನ್ಟ್ ಇಟ್ ಬೈ ಹಾರ್ಟ್" ಅನ್ನಬೇಕು, ಇಲ್ಲವಾದರೆ ಮೆಮೊರೈಸ್ಡ್. ಕನ್ನಡದಲ್ಲೂ ಮಲಯಾಳದಲ್ಲೂ ನಾವು "ಬೈಹಾರ್ಟ್ ಮಾಡು" ಎಂದು ಹೇಳಿ ಹೇಳಿ ಅದಕ್ಕೆ ಕೈಕಾಲು ಬಂದಿದೆ.

ಒಂದು ತಮಾಷೆ ಗಮನಿಸಿ. ಇಂಗ್ಲಿಷಿನವರಿಗೆ ಕಲಿತದ್ದು ಎದೆಯಲ್ಲಿ ಇರುತ್ತದೆ. ನಮಗೆ ಬಾಯಿಪಾಠ, ಕಂಠಪಾಠ. ಅಂದರೆ ಬಾಯಲ್ಲಿ, ಗಂಟಲಲ್ಲಿ. ಎದೆವರೆಗೆ ಇಳಿಯಿತೋ ಇಲ್ಲವೋ ಗ್ಯಾರಂಟಿ ಇಲ್ಲ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತೋ ಏನೋ! ಅರ್ಥ ತಿಳಿಯದೆ ಉರು ಹೊಡೆಯುವುದಕ್ಕೆ ಇಂಗ್ಲಿಷಿನಲ್ಲಿ ರೋಟ್ ಲರ್ನಿಂಗ್ ಅನ್ನುತ್ತಾರೆ, ಅದರಲ್ಲಿ ಸ್ವಲ್ಪ ತಿರಸ್ಕಾರ ಇದೆ. ಪರೀಕ್ಷೆಯ ಹಿಂದಿನ ರಾತ್ರಿ ತುರುಕುವುದು ಕ್ರ್ಯಾಮ್. ಗೋಣಿಗೆ ಅಡಿಕೆ ತುಂಬಿ ಮೊಣಕಾಲಲ್ಲಿ ಒತ್ತುವ ಹಾಗೆ.

ಡಿಲಿಬರಟ್ ಪ್ರ್ಯಾಕ್ಟಿಸ್ ಅಂತ ಯೂಟ್ಯೂಬಿನಲ್ಲಿ ಹೇಳುತ್ತಾರೆ. ಅದೇನು?

ಆಂಡರ್ಸ್ ಎರಿಕ್ಸನ್ ಎಂಬ ಮನಃಶಾಸ್ತ್ರಜ್ಞರು ಇಬ್ಬರು ಜೊತೆಗಾರರೊಂದಿಗೆ 1993ರಲ್ಲಿ ಬರೆದ ಪ್ರಬಂಧದಿಂದ ಪ್ರಸಿದ್ಧವಾದ ಮಾತು. ಅವರು ನೋಡಿದ್ದು ಬರ್ಲಿನ್ನಿನಲ್ಲಿ ವಯಲಿನ್ ಕಲಿಯುವವರನ್ನು. ಆಮೇಲೆ "ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಸಾಕು" ಎಂದು ಅದನ್ನು ಎಲ್ಲರೂ ಊದಿದರು. ಎರಿಕ್ಸನ್ ಹೇಳಿದ್ದು ಬರೀ ಗಂಟೆಯ ಲೆಕ್ಕ ಅಲ್ಲ. ನಿನಗೆ ಬಾರದ ಜಾಗವನ್ನೇ ಹುಡುಕಿ, ಅದನ್ನೇ ಬಿಡಿಸಿ, ತಪ್ಪು ತಿದ್ದುವವರ ಎದುರು ಮತ್ತೆ ಮತ್ತೆ ಮಾಡುವುದು. ಇದರಲ್ಲಿ ಡಿಲಿಬರಟ್ ಅಂದರೆ ಮೇಲೆ ಹೇಳಿದ ಎರಡನೇ ಮತ್ತು ಮೂರನೇ ನೆರಳು ಸೇರಿದ್ದು: ಬೇಕೆಂದೇ, ಮತ್ತು ನೋಡಿಕೊಂಡು.

ಚೆಂಡೆ ಕಲಿಯುವ ಮಕ್ಕಳನ್ನು ಗಮನಿಸಿದ್ದೇನೆ. ಗುರುಗಳು ಒಳಗೆ ಚಾ ಕುಡಿಯಲು ಹೋದ ಕೂಡಲೇ ಎಲ್ಲರೂ ತಮಗೆ ಚೆನ್ನಾಗಿ ಬರುವುದನ್ನೇ ಬಾರಿಸುತ್ತಾರೆ. ಕೇಳಲು ಚಂದ. ಆದರೆ ಅದು ಪ್ರ್ಯಾಕ್ಟಿಸ್ ಮಾತ್ರ. ಗುರುಗಳು ಬಂದು "ಆ ಮುಕ್ತಾಯ ಮಾತ್ರ ಹೇಳು ನೋಡುವ" ಅಂದಾಗ ಬೆವರು ಬರುತ್ತದಲ್ಲ, ಡಿಲಿಬರಟ್ ಪ್ರ್ಯಾಕ್ಟಿಸ್ ಶುರುವಾಗುವುದು ಅಲ್ಲಿ.

ಕೇರ್‌ಫುಲ್, ಕಾಷಸ್, ಮೆಟಿಕ್ಯುಲಸ್ – ಎಲ್ಲ ಜಾಗ್ರತೆಯೇ ಅಲ್ವಾ?

ಜಾಗ್ರತೆಯೇ, ಆದರೆ ಹೆದರಿಕೆಯ ಪ್ರಮಾಣ ಬೇರೆ. ಇದಕ್ಕೆ ನಾನು ಯಾವಾಗಲೂ ಸುರಂಗದ ಉದಾಹರಣೆ ಕೊಡುವುದು. ನಮ್ಮ ಗುಡ್ಡಗಳ ಮುರಕಲ್ಲಿನಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆಯುತ್ತಾರಲ್ಲ, ಆ ಸುರಂಗ. ಒಬ್ಬ ಬಾಗಿ ನಿಲ್ಲುವಷ್ಟೇ ಜಾಗ. ಕೈಯಲ್ಲಿ ಪಿಕ್ಕಾಸು. ಹತ್ತಿರ ಉರಿಯುವ ಮೇಣದ ಬತ್ತಿ ಇಟ್ಟುಕೊಳ್ಳುತ್ತಾರೆ, ಅದು ಮಂಕಾದರೆ ಗಾಳಿ ಸಾಲದು ಎಂದು ಹೊರಗೆ ಬರುತ್ತಾರೆ. ಆ ಬತ್ತಿ ಇಡುವುದು ಕಾಷಸ್. ಅಪಾಯ ಇದೆ ಎಂದು ಗೊತ್ತಿದ್ದು ಹಿಂದೆ ಮುಂದೆ ನೋಡುವುದು. ಪಿಕ್ಕಾಸು ಕಾಲಿಗೆ ಬೀಳದ ಹಾಗೆ ಹೊಡೆಯುವುದು ಕೇರ್‌ಫುಲ್. ಉದ್ದಕ್ಕೂ ಇಳಿಜಾರು ತಪ್ಪದ ಹಾಗೆ, ಪಂಪಿಲ್ಲದೆ ನೀರು ತಾನೇ ಹರಿದು ಹೊರಗೆ ಬರುವ ಹಾಗೆ ಒಂದೊಂದು ಗೇಣನ್ನೂ ನೋಡಿ ಕೊರೆಯುವುದು ಮೆಟಿಕ್ಯುಲಸ್. ಸಣ್ಣದನ್ನೂ ಬಿಡದವನು.

ಮೆಟಿಕ್ಯುಲಸ್ ಲ್ಯಾಟಿನಿನ ಮೆಟುಸ್, ಅಂದರೆ ಹೆದರಿಕೆ ಎಂಬ ಪದದಿಂದ ಬಂದದ್ದು. ಮೊದಲು ಅದಕ್ಕೆ "ಪುಕ್ಕಲ" ಎಂಬ ಅರ್ಥವೇ ಇತ್ತು. ಈಗ ಅದು ಹೊಗಳಿಕೆ. ಕೇರ್ ಕೂಡ ಹಳೆಯ ಇಂಗ್ಲಿಷಿನಲ್ಲಿ ದುಃಖ, ಚಿಂತೆ ಎಂಬ ಅರ್ಥದ ಪದ. ಚಿಂತೆ ಇದ್ದವನು ಜಾಗ್ರತೆ ಮಾಡುತ್ತಾನೆ, ಹಾಗೆ ಅರ್ಥ ಜಾರಿತು. ನಮ್ಮಲ್ಲಿ ಇದು ಉಲ್ಟಾ ಆಗಿದೆ. ಚಿಂತನೆ ಅಂದರೆ ಆಲೋಚನೆ, ಆದರೆ ಅದರ ತಂಗಿ ಚಿಂತೆ ಮನೆಗೆ ಬಂದರೆ ನಿದ್ದೆ ಇಲ್ಲ. ಮಲಯಾಳದಲ್ಲಿ ಚಿಂತ ಅಂದರೆ ಈಗಲೂ ಬರೀ ಆಲೋಚನೆ. ಗಡಿ ದಾಟುವಾಗ ಪದಕ್ಕೂ ಒಂದಷ್ಟು ಭಾರ ಇಳಿಯುತ್ತದೆ.

ಸ್ಕ್ರೂಪ್ಯುಲಸ್ ಎಂಬ ಇನ್ನೊಂದಿದೆ. ಲ್ಯಾಟಿನಿನಲ್ಲಿ ಚಪ್ಪಲಿಯೊಳಗೆ ಸೇರುವಂಥ ಚೂಪು ಕಲ್ಲಿನ ಹೆಸರಿನಿಂದ ಬಂದದ್ದು. ಮನಸ್ಸಿನಲ್ಲಿ ಚುಚ್ಚುತ್ತಿರುವುದು ಇದ್ದರೆ ತಪ್ಪು ಮಾಡಲು ಆಗುವುದಿಲ್ಲ ಅಲ್ವಾ? ಲೆಕ್ಕಪತ್ರದಲ್ಲಿ ಒಂದು ಪೈಸೆ ಆಚೀಚೆ ಮಾಡದವರಿಗೆ ಈ ಪದ.

ಡಿಸ್ಕಸ್, ಆರ್ಗ್ಯೂ, ಡಿಬೇಟ್ ನಡುವೆ ಏನು ವ್ಯತ್ಯಾಸ?

ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿದ್ದೀರಾ? ಹಾಗಿದ್ದರೆ ಅರ್ಧ ಕೆಲಸ ಮುಗಿಯಿತು. ನಮ್ಮವರು "ನನ್ನ ಹತ್ತಿರ ಆರ್ಗ್ಯೂ ಮಾಡಬೇಡ" ಅನ್ನುವಾಗ ಆರ್ಗ್ಯೂ ಅಂದರೆ ಎದುರು ಮಾತು, ಜಗಳ. ಆ ಅರ್ಥವೂ ಇದೆ. ಆದರೆ ಮೂಲದಲ್ಲಿ ಅದು "ಸ್ಪಷ್ಟ ಮಾಡು, ಸಾಧಿಸಿ ತೋರಿಸು". ಕೃಷ್ಣ ಸಂಧಾನದಲ್ಲಿ ಕೃಷ್ಣನ ಅರ್ಥ ಹೇಳುವವರು ಒಂದು ಮಾತು ಇಡುತ್ತಾರೆ, ಕೌರವನ ಅರ್ಥ ಹೇಳುವವರು ಅದನ್ನು ಕೀಳುತ್ತಾರೆ. ಯಾರೂ ಕೈ ಎತ್ತುವುದಿಲ್ಲ. ಮುಗಿದ ಮೇಲೆ ಇಬ್ಬರೂ ಒಂದೇ ಬೈಕಿನಲ್ಲಿ ಮನೆಗೆ ಹೋಗುತ್ತಾರೆ. ಅದು ಆರ್ಗ್ಯುಮೆಂಟ್. ಪ್ರಬಂಧದಲ್ಲಿ "ಆರ್ಗ್ಯುಮೆಂಟ್ ಎಲ್ಲಿ?" ಎಂದು ಯಾರಾದರೂ ಗೀಚಿದರೆ ನೀವು ಜಗಳ ಮಾಡಿಲ್ಲ ಎಂದಲ್ಲ, ಕಾರಣ ಕೊಟ್ಟಿಲ್ಲ ಎಂದು.

ಎರಡು ಬಣ ಮಾಡಿಕೊಂಡು, ನಿಯಮ ಇಟ್ಟುಕೊಂಡು ವಾದಿಸಿದರೆ ಡಿಬೇಟ್. ಗೆಲ್ಲುವ ಹಟ ಇಲ್ಲದೆ ವಿಷಯವನ್ನು ಅಲ್ಲಾಡಿಸಿ ನೋಡಿದರೆ ಡಿಸ್ಕಸ್. ಡಿಸ್ಕಸ್ ಆದ ಮೇಲೆ ಅಬೌಟ್ ಬೇಡ. ನೂರು ಸಲ ಹೇಳಿದ್ದೇನೆ, ಇನ್ನೂ ನೂರು ಸಲ ಹೇಳುತ್ತೇನೆ.

ಪ್ರಶ್ನೆಪತ್ರಿಕೆಯಲ್ಲಿ ಎಕ್ಸ್‌ಪ್ಲೇನ್, ಅನಲೈಸ್, ಇವ್ಯಾಲ್ಯುಯೇಟ್ ಅಂತ ಇರುತ್ತದೆ. ಎಲ್ಲಕ್ಕೂ ಗೊತ್ತಿದ್ದದ್ದು ಬರೆದರೆ ಆಗುವುದಿಲ್ವಾ?

ಆಗುವುದಿಲ್ಲ, ಅಂಕ ಹೋಗುವ ಜಾಗ ಅದೇ. ಎಕ್ಸ್‌ಪ್ಲೇನ್ ಅಂದರೆ ಮೂಲದಲ್ಲಿ ನೆಲ ಸಮ ಮಾಡುವುದು. ಓದುವವನು ಎಡವದ ಹಾಗೆ ಬಿಡಿಸಿ ಹೇಳು. ಅನಲೈಸ್ ಮತ್ತು ಇವ್ಯಾಲ್ಯುಯೇಟ್ ಗೊತ್ತಾಗಬೇಕಾದರೆ ಅಡಿಕೆ ಸುಲಿದ ಮೇಲಿನ ಅಂಗಳಕ್ಕೆ ಬನ್ನಿ. ಒಂದೇ ರಾಶಿಯನ್ನು ಒಳ್ಳೆಯ ಚಾಲಿ, ಪಟೋರ, ಕೋಕ ಎಂದು ದರ್ಜೆ ಪ್ರಕಾರ ಬೇರೆ ಬೇರೆ ಮಾಡುತ್ತೀರಿ. ಇದು ಅನಲೈಸ್, ಬಿಡಿಸಿ ನೋಡುವುದು. ಯಾವುದಕ್ಕೆ ಎಷ್ಟು ಬೆಲೆ, ಈಗಲೇ ಕೊಡುವುದೋ ಹಳೆಯದು ಮಾಡಿ ಕೊಡುವುದೋ ಎಂದು ಹೇಳುವುದು ಇವ್ಯಾಲ್ಯುಯೇಟ್. ಅದರಲ್ಲೇ ವ್ಯಾಲ್ಯು ಇದೆ ನೋಡಿ. ಬೇರೆ ಮಾಡಿ ಬೆಲೆ ಹೇಳದೆ ಎದ್ದರೆ ಅರ್ಧ ಅಂಕ. ರಾಶಿಯನ್ನೇ ತೋರಿಸಿ "ಇದು ಅಡಿಕೆ" ಎಂದರೆ ಅದು ಬರೀ ಡಿಸ್ಕ್ರೈಬ್.

ಡಿಸೈಡ್ ಪದಕ್ಕೂ ಇಂಥ ಕಥೆ ಇದೆಯಾ?

ಇದೆ, ಚಿಕ್ಕದು. ಲ್ಯಾಟಿನಿನಲ್ಲಿ ಕಡಿದು ಹಾಕುವುದು. ನಮ್ಮ "ಕಡ್ಡಿ ತುಂಡು ಮಾಡಿದ ಹಾಗೆ" ಮಾತು ಇದೆಯಲ್ಲ, ಅದೇ. ಡಿಲಿಬರೇಟ್ ಮಾಡುವಾಗ ತಕ್ಕಡಿ ಇನ್ನೂ ಅಲ್ಲಾಡುತ್ತಿರುತ್ತದೆ. ಡಿಸೈಡ್ ಆದ ಮೇಲೆ ಕಡ್ಡಿ ಮುರಿಯಿತು.

ಒಂದು ಪಟ್ಟಿ ಕೊಡಿ ಟೀಚರ್, ನೂರು ಪದ, ಪಕ್ಕದಲ್ಲಿ ಅರ್ಥ. ಸಾಕು.

ಕೊಡುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ. ಪಟ್ಟಿ ಬೇಕಾದವರಿಗೆ ಪೀಟರ್ ರೋಜೆ ಎಂಬ ವೈದ್ಯರು 1852ರಲ್ಲೇ ಥೆಸಾರಸ್ ಮಾಡಿ ಕೊಟ್ಟಿದ್ದಾರೆ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಗ್ರೀಕಿನಲ್ಲಿ ಥೆಸಾರಸ್ ಅಂದರೆ ಖಜಾನೆ. ಒಳ್ಳೆಯ ಪುಸ್ತಕವೇ, ಆದರೆ ಅದು ಪದ ಗೊತ್ತಿದ್ದು ಮರೆತವನಿಗೆ, ಗೊತ್ತೇ ಇಲ್ಲದವನಿಗೆ ಅಲ್ಲ. ಪಕ್ಕ ಪಕ್ಕ ಕೂತ ಪದಗಳೆಲ್ಲ ಒಂದೇ ಅಂತ ಪಟ್ಟಿ ನೋಡಿದವರಿಗೆ ಅನ್ನಿಸುತ್ತದೆ. ನಾನು ಆ ಕಚೇರಿಗೆ ಬರೆದ ಪತ್ರದಲ್ಲಿ ಆದದ್ದು ಅದೇ.

ಬದಲಿಗೆ ಒಂದು ಪುಸ್ತಕ ಇಡಿ. ಹೊಸ ಪದ ಸಿಕ್ಕಿದರೆ ಅದು ಬಂದ ವಾಕ್ಯವನ್ನು ಪೂರ್ತಿ ಬರೆದುಕೊಳ್ಳಿ. ಅದರ ಕೆಳಗೆ ನಿಮ್ಮ ಮನೆಯ, ತೋಟದ, ಬಸ್ಸಿನ ಒಂದು ವಾಕ್ಯ ನೀವೇ ಮಾಡಿ. ಪದ ಹೊಗಳಿಕೆಯೋ ಬೈಗುಳವೋ ಎಂದು ಪಕ್ಕದಲ್ಲಿ ಗುರುತು ಹಾಕಿ. ವಾರಕ್ಕೆ ಐದು ಪದ ಸಾಕು. ನನಗೆ ಗೊತ್ತು, ಐದು ಅಂದರೆ ನೀವು ಎರಡು ಮಾಡುತ್ತೀರಿ. ಎರಡಾದರೂ ನಡೆಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಇದೆಲ್ಲ ಕಷ್ಟ ಅಲ್ವಾ?

ಈ ಪ್ರಶ್ನೆಯನ್ನು ಮಕ್ಕಳಿಗಿಂತ ಅಪ್ಪ ಅಮ್ಮ ಜಾಸ್ತಿ ಕೇಳುತ್ತಾರೆ. ಇಂಗ್ಲಿಷ್ ಕೇಳುವ ಅವಕಾಶ ಕಡಿಮೆ, ಅದು ನಿಜ. ಮಾತನಾಡಲು ನಾಚಿಕೆ, ಅದೂ ನಿಜ. ಆದರೆ ಪದದ ನೆರಳು ಹಿಡಿಯುವುದರಲ್ಲಿ ನಮ್ಮ ಮಕ್ಕಳು ಹಿಂದೆ ಇಲ್ಲ. ಕನ್ನಡದ ಮನಃಪೂರ್ವಕಕ್ಕೂ ಮಲಯಾಳದ ಮನಃಪೂರ್ವಂಗೂ ಇರುವ ವ್ಯತ್ಯಾಸ ದಿನಾ ಅನುಭವಿಸುವವರಿಗೆ, ಒಂದೇ ಪದ ಎರಡು ಕಡೆ ಎರಡು ಥರ ಇರುತ್ತದೆ ಎಂದು ಹೊಸದಾಗಿ ಹೇಳಿಕೊಡಬೇಕಾ? ನಮ್ಮ ಕಾಸರಗೋಡನ್ನು ಸಪ್ತಭಾಷೆಗಳ ಊರು ಅಂತ ಸುಮ್ನೆ ಕರೆಯುವುದಲ್ಲ. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ ಗೋವಿಂದ ಪೈಗಳು ಮಂಜೇಶ್ವರದಲ್ಲಿ ಕೂತೇ ಎಷ್ಟೋ ಭಾಷೆ ಕಲಿತವರು. ಅಷ್ಟು ಬೇಡ, ಅದರ ಒಂದು ತುದಿ ಸಾಕು. ಮಾಧ್ಯಮ ಬದಲಿಸುವ ಆಲೋಚನೆ ಇರುವವರು ಮೊದಲು ಮಗುವಿನ ಕನ್ನಡ ಓದು ಹೇಗಿದೆ ನೋಡಿ. ಕನ್ನಡದಲ್ಲಿ ಒಂದು ಪುಟ ಓದಿ ತನ್ನ ಮಾತಲ್ಲಿ ಹೇಳಲು ಬಾರದ ಮಗು ಇಂಗ್ಲಿಷಿಗೆ ಹೋದರೆ ಎರಡೂ ಇಲ್ಲದ ಹಾಗೆ ಆಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸ್ಕೂಲ್ ಅಂದರೆ ಬಿಡುವು ಅಂತ ಅರ್ಥವಂತೆ, ನಿಜವಾ?

ನಿಜ. ಗ್ರೀಕಿನ ಸ್ಕೋಲೇ ಅಂದರೆ ಬಿಡುವು, ಕೆಲಸ ಇಲ್ಲದ ಹೊತ್ತು. ಬಿಡುವಿದ್ದವರು ಕೂತು ಮಾತನಾಡಿದರು, ಮಾತು ಪಾಠವಾಯಿತು, ಪಾಠ ನಡೆಯುವ ಜಾಗಕ್ಕೆ ಅದೇ ಹೆಸರು ಬಂತು. ಕಳೆದ ಮಳೆಗಾಲದಲ್ಲಿ ಇದನ್ನು ಹೇಳಿದಾಗ ಎಂಟನೇ ಕ್ಲಾಸಿನ ಒಬ್ಬಳು ಕೈ ಎತ್ತಿದಳು. "ಹಾಗಾದರೆ ಟೀಚರ್, ಕಲೆಕ್ಟರ್ ಮಳೆಗೆ ರಜೆ ಕೊಟ್ಟ ದಿನವೇ ನಿಜವಾದ ಸ್ಕೂಲು ಅಲ್ವಾ?" ನಾನು ಸ್ವಲ್ಪ ಹೊತ್ತು ಡಿಲಿಬರೇಟ್ ಮಾಡಿದೆ. ಉತ್ತರ ಮುಂದಿನ ಭಾನುವಾರ ಹೇಳುತ್ತೇನೆ ಅಂದೆ. ಆ ಭಾನುವಾರ ಮಳೆ ಜೋರಾಗಿ ಕ್ಲಾಸೇ ಆಗಲಿಲ್ಲ.